ಸಹಭಾಗಿತ್ವದಲ್ಲಿ ನಮ್ಮ ಭಾಗ ಎಲ್ಲಿದೆ?

2025ರ ಸೆಪ್ಟೆಂಬರ್‌ನಲ್ಲಿ ವಿಜಯಪುರದ ಜನ ಧರಣಿ ಕೂತಾಗ ನಮ್ಮ ಹಾಸ್ಟೆಲಿನಲ್ಲಿ ಗೆಳೆಯನೊಬ್ಬ ಕೇಳಿದ: "ಅಲ್ಲಪ್ಪಾ, ಇವರಿಗೆ ಮೆಡಿಕಲ್ ಕಾಲೇಜು ಬೇಕೋ ಬೇಡವೋ? ಖಾಸಗಿಯವರು ದುಡ್ಡು ಹಾಕಿ ಕಟ್ತೀವಿ ಅಂದ್ರೆ ಇವರಿಗೇನು ಕಷ್ಟ?" ಧರಣಿ ನೂರು ದಿನ ದಾಟಿತು. ಅಲ್ಲಿ ಕೂತವರ ಮಾತು ಮೊದಲಿನಿಂದಲೂ ಒಂದೇ ಆಗಿತ್ತು: ಕಾಲೇಜು ಬೇಕು, ಆದರೆ ಅದು ಪೂರ್ತಿ ಸರ್ಕಾರದ್ದಾಗಿರಬೇಕು, ಸಾರ್ವಜನಿಕ-ಖಾಸಗಿ ಸಹಭಾಗಿತ್ವ ಬೇಡ. ಗೆಳೆಯನಿಗೆ ಆ ದಿನ ನಾನು ಸರಿಯಾದ ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ. ಅದಕ್ಕೆ ವಿಜಯಪುರ ಬಿಟ್ಟು ಉಡುಪಿಗೆ ಹೋಗಬೇಕು. ವಿಜಯಪುರದವರು ಯಾವುದಕ್ಕೆ ಹೆದರುತ್ತಿದ್ದಾರೋ ಅದು ಉಡುಪಿಯಲ್ಲಿ ನಡೆದು ಮುಗಿದಿದೆ.

ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರ ಹೆಸರನ್ನು ಬ್ಯಾಂಕಿಂಗ್ ಚರಿತ್ರೆ ಓದಿದವರು ಬಲ್ಲರು. 1906ರಲ್ಲಿ ಅವರು ಕಟ್ಟಿದ ಸಣ್ಣ ಬ್ಯಾಂಕೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಊರಿನ ನಡುಮಧ್ಯೆ ಆಸ್ಪತ್ರೆಗೆಂದು ಜಾಗ ಕೊಟ್ಟವರೂ ಅವರೇ. ಆ ನೆಲದಲ್ಲಿ ಸರ್ಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ ದಶಕಗಳ ಕಾಲ ನಡೆಯಿತು. ಹಾಸಿಗೆ ಕಡಿಮೆ, ಕಟ್ಟಡ ಹಳೆಯದು, ದೂರುಗಳು ಇದ್ದೇ ಇದ್ದವು. ಆದರೆ ಹೆರಿಗೆಗೆ ಬಂದ ಹೆಂಗಸನ್ನು ನೀನು ಯಾರು ಎಂದು ಕೇಳುವ ಅಧಿಕಾರ ಅಲ್ಲಿ ಯಾರಿಗೂ ಇರಲಿಲ್ಲ.

2016ರಲ್ಲಿ ರಾಜ್ಯ ಸರ್ಕಾರ ಈ ಜಾಗವನ್ನು ಅಬುಧಾಬಿಯ ಉದ್ಯಮಿ ಬಿ.ಆರ್. ಶೆಟ್ಟಿಯವರ ಸಂಸ್ಥೆಗೆ ದೀರ್ಘಾವಧಿ ಗುತ್ತಿಗೆಗೆ ಕೊಡಲು ಹೊರಟಿತು. ಅವರು 200 ಹಾಸಿಗೆಗಳ ಹೊಸ ತಾಯಿ-ಮಕ್ಕಳ ಆಸ್ಪತ್ರೆ ಕಟ್ಟಿ ಉಚಿತವಾಗಿ ನಡೆಸಬೇಕು. ಪ್ರತಿಯಾಗಿ ಅದೇ ನೆಲದಲ್ಲಿ 400 ಹಾಸಿಗೆಗಳ ಖಾಸಗಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕಟ್ಟಿಕೊಳ್ಳಬಹುದು. ಊರಿನ ಹಲವರು ವಿರೋಧಿಸಿದರು. ಬಡವರಿಗಾಗಿ ಕೊಟ್ಟ ನೆಲವನ್ನು ವ್ಯಾಪಾರಕ್ಕೆ ಕೊಡಲು ಸರ್ಕಾರಕ್ಕೇನು ಹಕ್ಕು ಎಂದು ಕೇಳಿದರು. ಅವರಿಗೆ ಸಿಕ್ಕ ಬಿರುದು ಪರಿಚಿತವೇ: ಅಭಿವೃದ್ಧಿ ವಿರೋಧಿಗಳು. ನಮ್ಮೂರ ಮಗನೇ ದಾನ ಮಾಡಲು ಬಂದರೆ ಕಲ್ಲು ಹಾಕುತ್ತೀರಾ ಎಂಬ ಮಾತೂ ಬಂತು.

2017ರ ನವೆಂಬರ್‌ನಲ್ಲಿ ಹೊಸ ಆಸ್ಪತ್ರೆ ಉದ್ಘಾಟನೆಯಾಯಿತು. ಫಲಕದಲ್ಲಿ ಹಾಜಿಯವರ ಹೆಸರಿಗಿಂತ ಮೊದಲು ಶೆಟ್ಟರ ತಂದೆತಾಯಿಯ ಹೆಸರು ಬಂತು. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆಸ್ಪತ್ರೆ ಚೆನ್ನಾಗಿತ್ತು. ಚೊಕ್ಕ ಕಟ್ಟಡ, ಉಚಿತ ಚಿಕಿತ್ಸೆ. ಜನ ನಂಬಿ ಬಂದರು. ವಿರೋಧಿಸಿದವರು ತಪ್ಪು ತಿಳಿದಿದ್ದರು ಎಂದು ಆಗ ಯಾರಿಗಾದರೂ ಅನ್ನಿಸಿದ್ದರೆ ಅವರನ್ನು ದೂರುವಂತಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿರುವುದೇ. 2019ರ ಕೊನೆಗೆ ಶೆಟ್ಟಿಯವರು ಸ್ಥಾಪಿಸಿದ ಎನ್‌ಎಂಸಿ ಹೆಲ್ತ್ ಕಂಪನಿಯ ಲೆಕ್ಕಪತ್ರಗಳ ಮೇಲೆ ಪ್ರಶ್ನೆಗಳೆದ್ದವು. 2020ರ ಏಪ್ರಿಲ್‌ನಲ್ಲಿ ಆ ಕಂಪನಿ ಲಂಡನ್ ನ್ಯಾಯಾಲಯ ನೇಮಿಸಿದ ಆಡಳಿತಗಾರರ ಕೈಗೆ ಹೋಯಿತು. ಅಬುಧಾಬಿಯ ಕಂಪನಿಯೊಂದು ಲಂಡನ್ನಿನಲ್ಲಿ ಕುಸಿದರೆ ಉಡುಪಿಯ ಬಾಣಂತಿಗೆ ಏನಾಗಬೇಕು? ಏನೂ ಆಗಬಾರದಿತ್ತು. ಆದರೆ ಆಸ್ಪತ್ರೆಯ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಬರಲಿಲ್ಲ. ಕೊರೊನಾ ಕಾಲದಲ್ಲಿ ದುಡಿದ ನರ್ಸುಗಳು, ಆಯಾಗಳು ಕೆಲಸ ನಿಲ್ಲಿಸಿ ಪ್ರತಿಭಟನೆಗೆ ಕೂರಬೇಕಾಯಿತು. ಹೆರಿಗೆ ಮಾತ್ರ ಯಾರ ಬ್ಯಾಲೆನ್ಸ್ ಶೀಟಿಗೂ ಕಾಯುವುದಿಲ್ಲ. ಕೊನೆಗೆ 2022ರಲ್ಲಿ ಸರ್ಕಾರವೇ ಆಸ್ಪತ್ರೆಯನ್ನು ವಾಪಸ್ ತೆಗೆದುಕೊಂಡಿತು. ನಮ್ಮಿಂದ ನಡೆಸಲಾಗದು ಎಂದು ಕೊಟ್ಟವರೇ ನಾವೇ ನಡೆಸುತ್ತೇವೆ ಎಂದು ಮರಳಿ ಪಡೆದರು. 400 ಹಾಸಿಗೆಗಳ ಖಾಸಗಿ ಆಸ್ಪತ್ರೆ ಬಾಗಿಲು ತೆರೆಯಲೇ ಇಲ್ಲ.

ಒಬ್ಬ ಉದ್ಯಮಿ ಸೋತದ್ದಕ್ಕೆ ಇಡೀ ಪದ್ಧತಿಯನ್ನೇ ಬಯ್ಯಬಹುದೇ ಎಂದು ನನ್ನ ಗೆಳೆಯ ಕೇಳಿಯೇ ಕೇಳುತ್ತಾನೆ. ಶೆಟ್ಟಿಯವರು ಒಳ್ಳೆಯವರೋ ಕೆಟ್ಟವರೋ ಎಂಬುದು ಇಲ್ಲಿ ನನ್ನ ಪ್ರಶ್ನೆಯೇ ಅಲ್ಲ. ಅವರ ಉದ್ದೇಶ ನೂರಕ್ಕೆ ನೂರು ಒಳ್ಳೆಯದಾಗಿತ್ತು ಎಂದೇ ಇಟ್ಟುಕೊಳ್ಳೋಣ. ಆಗಲೂ ಒಂದು ಜಿಲ್ಲೆಯ ಹೆರಿಗೆಗಳು ಒಬ್ಬ ಮನುಷ್ಯನ ಭಾಗ್ಯಕ್ಕೆ ಗಂಟುಬಿದ್ದಿದ್ದವು. ತಪ್ಪು ಇರುವುದು ಆ ಗಂಟಿನಲ್ಲಿ.

ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಪದಗಳ ಮೇಲೆ ಜೀವ ಇಟ್ಟವರು. ಹಾಗಾಗಿ 'ಸಾರ್ವಜನಿಕ-ಖಾಸಗಿ ಸಹಭಾಗಿತ್ವ' ಎಂಬ ಪದವನ್ನು ಸ್ವಲ್ಪ ಬಿಡಿಸಿ ನೋಡೋಣ. ಸಾರ್ವಜನಿಕ ಎಂದರೆ ಸರ್ವಜನರದ್ದು. ಖಾಸಗಿ ಎಂದರೆ ಒಬ್ಬರದ್ದು. ಸಹಭಾಗಿ ಎಂದರೆ ಪಾಲುದಾರ. ಪದ ಕೇಳಿದರೆ ಸರ್ವಜನರೂ ಒಬ್ಬ ಉದ್ಯಮಿಯೂ ಎದುರುಬದುರು ಕೂತು ಮಾತಾಡಿ ಒಪ್ಪಿದಂತೆ ಅನ್ನಿಸುತ್ತದೆ. ಒಪ್ಪಂದದ ಕಾಗದದಲ್ಲಿ ಇರುವುದು ಎರಡೇ ಸಹಿ: ಒಂದು ಸರ್ಕಾರದ್ದು, ಇನ್ನೊಂದು ಕಂಪನಿಯದ್ದು. ಸರ್ವಜನ ಎಂಬ ಮೂರನೆಯವರು ಹೆಸರಿನಲ್ಲಿದ್ದಾರೆ, ಕಾಗದದಲ್ಲಿಲ್ಲ. ಉಡುಪಿಯಲ್ಲಿ ಪ್ರತಿಭಟಿಸಿದವರು, ವಿಜಯಪುರದಲ್ಲಿ ಧರಣಿ ಕೂತವರು ಈ ಮೂರನೆಯವರು. ಸರ್ಕಾರ ಮತ್ತು ಸಾರ್ವಜನಿಕ ಎರಡೂ ಒಂದೇ ಎಂಬ ಭಾಷೆಯ ಮೋಸವನ್ನು ನಾವು ಒಪ್ಪಿಕೊಂಡ ದಿನವೇ ಆಸ್ಪತ್ರೆ ನಮ್ಮ ಕೈ ಬಿಡುತ್ತದೆ. ಹಾಜಿಯವರು ಕೊಟ್ಟದ್ದು ಊರಿಗೆ. ಸರ್ಕಾರ ಅದರ ಕಾವಲುಗಾರ. ಕಾವಲಿಗಿದ್ದವನು ತೋಟವನ್ನು ಗುತ್ತಿಗೆಗೆ ಕೊಟ್ಟರೆ ನಾವು ಅದನ್ನು ಸಹಭಾಗಿತ್ವ ಎನ್ನುವುದಿಲ್ಲ.

ಸರಿ, ಸರ್ಕಾರಿ ಆಸ್ಪತ್ರೆಗಳೇನು ಸ್ವರ್ಗವೇ? ಅಲ್ಲ. ನಾನು ಹುಟ್ಟಿದ್ದು ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ. ಅಲ್ಲಿ ಕೈ ಬಿಸಿ ಮಾಡದೆ ಮಗುವಿನ ಮುಖ ತೋರಿಸುತ್ತಿರಲಿಲ್ಲ ಎಂದು ಅಮ್ಮ ಇವತ್ತಿಗೂ ಹೇಳುತ್ತಾಳೆ. ಅದನ್ನು ಮರೆಮಾಚಿ ಸರ್ಕಾರಿ ಆಸ್ಪತ್ರೆಯ ಹೊಗಳಿಕೆ ಬರೆಯುವುದು ಅಮ್ಮನಂಥವರಿಗೆ ಮಾಡುವ ಅವಮಾನ. ಆದರೆ ಅಲ್ಲಿ ತಪ್ಪಾದರೆ ಕೂಗಲು ಒಂದು ಬಾಗಿಲಿದೆ. ಶಾಸಕರನ್ನು ಅಡ್ಡಗಟ್ಟಬಹುದು, ಜಿಲ್ಲಾಧಿಕಾರಿಗೆ ಮನವಿ ಕೊಡಬಹುದು, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಔಷಧಿಯ ಲೆಕ್ಕ ಕೇಳಬಹುದು, ಚುನಾವಣೆಯಲ್ಲಿ ಸೋಲಿಸಬಹುದು. ಉಡುಪಿಯ ನರ್ಸುಗಳು ಸಂಬಳ ಕೇಳಲು ಹೊರಟಾಗ ಅವರು ಸರ್ಕಾರದ ನೌಕರರಲ್ಲ. ಸಂಬಳ ಕೊಡಬೇಕಾದವರ ಉದ್ಯಮ ಕಡಲಾಚೆ ಮುಳುಗುತ್ತಿತ್ತು. ಅವರು ಯಾವ ಬಾಗಿಲು ತಟ್ಟಬೇಕಿತ್ತು? ಆಸ್ಪತ್ರೆಯ ಮೇಲಿನ ಹಿಡಿತ ಎಂದರೆ ನನ್ನ ಪಾಲಿಗೆ ಇಷ್ಟೇ. ಅದರಿಂದ ಒಳ್ಳೆಯ ಚಿಕಿತ್ಸೆ ತಾನಾಗಿ ಬರುವುದಿಲ್ಲ. ಒಳ್ಳೆಯ ಚಿಕಿತ್ಸೆಗಾಗಿ ಜಗಳ ಮಾಡುವ ಜಾಗ ಉಳಿಯುತ್ತದೆ.

ಉಡುಪಿ ಒಂದೇ ಆಗಿದ್ದರೆ ಅಪವಾದ ಎನ್ನಬಹುದಿತ್ತು. ರಾಯಚೂರಿನಲ್ಲಿ ಜನ ಒಪೆಕ್ ಆಸ್ಪತ್ರೆ ಎಂದೇ ಕರೆಯುವ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನೂ ಸರ್ಕಾರ ಸಾರ್ವಜನಿಕ ಹಣದಲ್ಲಿ ಕಟ್ಟಿ, ನಡೆಸಲು ಅಪೋಲೊ ಸಂಸ್ಥೆಗೆ ಕೊಟ್ಟು, ಸುಮಾರು ಒಂದು ದಶಕದ ನಂತರ 2012ರಲ್ಲಿ ವಾಪಸ್ ಪಡೆಯಿತು. ಇಷ್ಟಾದ ಮೇಲೂ 2020ರ ಜನವರಿಯಲ್ಲಿ ನೀತಿ ಆಯೋಗ ಜಿಲ್ಲಾ ಆಸ್ಪತ್ರೆಗಳನ್ನು ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ಜೋಡಿಸುವ ಮಾದರಿ ಒಪ್ಪಂದದ ಕರಡು ಹೊರಡಿಸಿತು. ಅವಧಿ 60 ವರ್ಷ. ಹಾಸಿಗೆಗಳಲ್ಲಿ ಎರಡು ಜಾತಿ: 'ರೆಗ್ಯುಲೇಟೆಡ್ ಬೆಡ್' ಮತ್ತು 'ಮಾರ್ಕೆಟ್ ಬೆಡ್'. ಮೊದಲನೆಯದಕ್ಕೆ ದರದ ನಿಯಂತ್ರಣ, ಎರಡನೆಯದಕ್ಕೆ ಮಾರುಕಟ್ಟೆಯ ದರ. ನಮ್ಮ ತೆರಿಗೆಯಲ್ಲಿ ಕಟ್ಟಿದ ಒಂದೇ ಆಸ್ಪತ್ರೆಯಲ್ಲಿ ಮಾರುಕಟ್ಟೆಯ ಹಾಸಿಗೆ! ಪಂಕ್ತಿಭೇದವನ್ನು ಊಟದ ಮನೆಯಿಂದ ಓಡಿಸಲು ಈ ನಾಡು ಎಷ್ಟು ಜಗಳ ಮಾಡಿದೆ. ಈಗ ಅದು ವಾರ್ಡಿನೊಳಗೆ ಬರುತ್ತಿದೆ, ಅದೂ ಸರ್ಕಾರಿ ಕಾಗದ ಹಿಡಿದು.

ಜಿಲ್ಲಾ ಆಸ್ಪತ್ರೆಯೇ ಯಾಕೆ ಬೇಕು ಎಂಬ ಪ್ರಶ್ನೆಗೂ ಉತ್ತರ ಸರಳವಿದೆ. ಮೆಡಿಕಲ್ ಕಾಲೇಜು ಕಟ್ಟಲು ದುಡ್ಡಿದ್ದವರಿಗೂ ತಕ್ಷಣ ಸಿಗದ ವಸ್ತುವೊಂದಿದೆ: ರೋಗಿಗಳು. ನೂರಾರು ಹಾಸಿಗೆಗಳು ತುಂಬಿರದೆ ವಿದ್ಯಾರ್ಥಿಗಳು ವೈದ್ಯಕೀಯ ಕಲಿಯಲಾರರು. ಜಿಲ್ಲಾ ಆಸ್ಪತ್ರೆಯ ಹೊರರೋಗಿ ವಿಭಾಗದ ಉದ್ದನೆಯ ಸಾಲೇ ಅವರಿಗೆ ಬಂಡವಾಳ. ಅಂದರೆ ಬಡವರು ಈ ವ್ಯವಹಾರಕ್ಕೆ ಅತಿ ಬೆಲೆಬಾಳುವ ಪಾಲು ಹಾಕುತ್ತಿದ್ದಾರೆ, ತಮ್ಮ ಮೈಯನ್ನೇ. ಆ ಮೈ ಮುಟ್ಟಿ ಕಲಿಯುವ ಸೀಟಿನ ಶುಲ್ಕ ಕಟ್ಟಲು ಅವರ ಮಕ್ಕಳಿಗೆ ಆಗುವುದಿಲ್ಲ. ಪಾಲು ಹಾಕಿದವರಿಗೆ ಲಾಭವಿಲ್ಲ, ಸಹಿಯಿಲ್ಲ, ಪ್ರಶ್ನೆ ಕೇಳಿದರೆ ಅಭಿವೃದ್ಧಿ ವಿರೋಧಿ ಎಂಬ ಹಣೆಪಟ್ಟಿ.

ನಮ್ಮ ಬರಹಗಾರರು ಕನ್ನಡ ಶಾಲೆ ಮುಚ್ಚಿದರೆ ಲೇಖನ ಬರೆಯುತ್ತೇವೆ, ಗ್ರಂಥಾಲಯ ಸೋರಿದರೆ ಸಹಿ ಸಂಗ್ರಹಿಸುತ್ತೇವೆ. ಆಸ್ಪತ್ರೆಯ ವಿಷಯ ಬಂದರೆ ಅದು ಆಡಳಿತದ ಸಂಗತಿ, ತಜ್ಞರು ನೋಡಿಕೊಳ್ಳಲಿ ಎಂದು ಸುಮ್ಮನಾಗುತ್ತೇವೆ. ನಮ್ಮಲ್ಲಿ ಹೆಚ್ಚಿನವರ ಜೇಬಿನಲ್ಲಿ ವಿಮೆಯ ಕಾರ್ಡು ಬಂದಿದೆ ಎಂಬುದೂ ಈ ಮೌನಕ್ಕೆ ಒಂದು ಕಾರಣ ಎಂದು ನನಗೆ ಅನುಮಾನ.

ಗೆಳೆಯನ ಪ್ರಶ್ನೆಗೆ ನನ್ನ ಉತ್ತರ ಇದು. ಖಾಸಗಿಯವರು ಕಟ್ಟಲಿ, ಬೇಡ ಎಂದವರು ಯಾರು? ತಮ್ಮ ಜಾಗ ಕೊಂಡು, ತಮ್ಮ ಹೆಸರು ಹಾಕಿ ಕಟ್ಟಿಕೊಳ್ಳಲಿ. ಊರಿನ ಆಸ್ಪತ್ರೆಯನ್ನು ಮಾತ್ರ ಊರನ್ನು ಕೇಳದೆ ಮುಟ್ಟಬಾರದು. ವಿಜಯಪುರದವರು ಧರಣಿ ಕೂತು ಹೇಳಿದ್ದೂ ಇದನ್ನೇ. ಅವರು ಅದನ್ನು ಕೈ ಜಾರುವ ಮುಂಚೆಯೇ ಹೇಳಿದರು. ಉಡುಪಿಯವರಿಗೆ ವಾಪಸ್ ಸಿಗಲು ಕಂಪನಿಯೊಂದು ಮುಳುಗಬೇಕಾಯಿತು.