ಒಂದೇ ಹೆಸರಿನವರಿಗೆ ಫಾರಂನಲ್ಲಿ ಜಾಗವೆಲ್ಲಿ?

ಊರಿನಿಂದ ಅಪ್ಪ-ಅಮ್ಮ ಬರುತ್ತಾರೆಂದರೆ ಅಮೆರಿಕದಲ್ಲಿ ಕೋಡ್ ಬರೆದು ಬದುಕುವ ನಮ್ಮಂಥವರ ಮನೆಗಳಲ್ಲೂ ಮೊದಲ ತಲೆನೋವು ಟಿಕೆಟ್ ದರವಲ್ಲ, ಹೆಸರು. ಹಳೇ ಮೈಸೂರು ಕಡೆಯ ಎಷ್ಟೋ ಹಿರಿಯರಿಗೆ ಇರುವುದು ಒಂದೇ ಹೆಸರು. ಅದರ ಮುಂದಿನ ಇನಿಷಿಯಲ್‌ಗಳು ಊರಿನದು, ತಂದೆಯದು. ಫಾರಂ ಮಾತ್ರ 'ಲಾಸ್ಟ್ ನೇಮ್' ಪಕ್ಕದಲ್ಲಿ ಕೆಂಪು ನಕ್ಷತ್ರ ಹಾಕಿಕೊಂಡು ಕೂತಿರುತ್ತದೆ.

ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಆಗುತ್ತದೆ, ಗಿವನ್ ನೇಮ್ ಜಾಗಕ್ಕೆ 'ಎಫ್‌ಎನ್‌ಯು' ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದರ್ಥ. ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಮೂರು ಸಲ ಹೇಳಿ ಇಟ್ಟ ಹೆಸರು! ಯುಎಇ 2022ರ ನವೆಂಬರ್‌ನಲ್ಲಿ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಇಲ್ಲವೆಂದಿತು. ಆಮೇಲೆ ಎರಡನೇ ಪುಟದಲ್ಲಿ ತಂದೆಯ ಇಲ್ಲವೇ ಮನೆತನದ ಹೆಸರಿದ್ದರೆ ಸಾಕೆಂದು ಸಡಿಲಿಸಿತು.

ವೀಸಾದ ಮಾತಿನಲ್ಲಿ ಕಾನೂನಿನ ಪಾಲಿದೆ, ಒಪ್ಪೋಣ. ಆದರೆ ದಿನಸಿ ತರಿಸುವ ಆ್ಯಪ್‌ನಲ್ಲಿ ಅದು ಬರೀ ಒಂದು ಸಾಲಿನ ಕೋಡ್: ಖಾನೆ ಖಾಲಿಯಿದ್ದರೆ ಮುಂದೆ ಬಿಡಬೇಡ. ಈಗಿನ ಎಐ ಟೂಲ್‌ಗಳಿಗೆ ಎರಡು ಖಾನೆ ಕೇಳಿದರೆ ಎರಡು ಖಾನೆಯನ್ನೇ ಕ್ಷಣದಲ್ಲಿ ಬರೆದುಕೊಡುತ್ತವೆ. 'ಪೂರ್ತಿ ಹೆಸರು' ಎಂಬ ಒಂದೇ ಖಾನೆ ಸಾಲದೇ ಎಂದು ಕೇಳಬೇಕಾದವರು ಡಿಸೈನ್ ರಿವ್ಯೂನಲ್ಲಿ ಕೂತ ನಾವೇ. ಆ ಮೀಟಿಂಗ್‌ಗಳಲ್ಲಿ ಕನ್ನಡಿಗರಿಗೇನೂ ಬರವಿಲ್ಲ.

ಅಲ್ಲಿಯವರೆಗೆ ಊರಿನಲ್ಲಿರುವವರು ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಇನಿಷಿಯಲ್ ಬಿಡಿಸಿ ಬರೆದು ಸರ್‌ನೇಮ್ ಖಾನೆಯನ್ನೂ ತುಂಬಿಸಿ. ಆಧಾರ್‌ನಲ್ಲೂ ಹೆಸರು ಹಾಗೇ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.