ಕೆಂಪು ಖಾರದ ಬಣ್ಣ

ಹೋದ ಏಪ್ರಿಲ್‌ನಲ್ಲಿ ತಿಕೋಟಾದಿಂದ ವಿಜಯಪುರಕ್ಕೆ ಬೈಕ್ ಮೇಲೆ ಬರುತ್ತಿದ್ದೆ. ಅರ್ಧ ದಾರಿಯಲ್ಲಿ ಬಲಗಣ್ಣು ಮಬ್ಬಾಯಿತು. ಬೇವಿನ ನೆರಳಲ್ಲಿ ಕೂತು ತಲೆ ಮೇಲೆ ನೀರು ಸುರಕೊಂಡ ಮೇಲೆ ಸರಿಹೋಯಿತು. "ಬಿಸಲಾಗ ತಿರಗಬ್ಯಾಡ ಅಂದ್ರ ಕೇಳಂಗಿಲ್ಲ ತಮ್ಮಾ" ಅಂದಳು ಅವ್ವ.

ಅವ್ವನ ಮಾತು ಅರ್ಧ ನಿಜ. ಅದಕ್ಕೂ ಮೊದಲು, ಚಳಿಗಾಲದಲ್ಲಿ, ಕಣ್ಣು ಹೊರಳಿಸಿದರೆ ನೋವಾಗುತ್ತಿತ್ತು. ಲ್ಯಾಪ್‌ಟಾಪ್ ಕಾಟ ಅಂದುಕೊಂಡು ಕನ್ನಡಕ ಬದಲಿಸಿ ಸುಮ್ಮನಾದೆ. ಅದು ನನ್ನ ತಪ್ಪು. ನೇರ ಡಾಕ್ಟರ ಹತ್ತಿರ ಹೋಗಬೇಕಿತ್ತು.

ಎಂಆರ್‌ಐ ಆದ ಮೇಲೆ ಗೊತ್ತಾಯಿತು, ಮಲ್ಟಿಪಲ್ ಸ್ಕ್ಲೆರೋಸಿಸ್. ದೇಹದ ರಕ್ಷಣಾ ವ್ಯವಸ್ಥೆಯೇ ನರದ ಮೇಲಿನ ಮಯಲಿನ್ ಹೊದಿಕೆಯನ್ನು ಕೆಡಿಸುತ್ತದೆ, ವೈರಿನ ಇನ್ಸುಲೇಷನ್ ಕಿತ್ತ ಹಾಗೆ. ಮೈ ಬಿಸಿಯಾದರೆ ಅಂಥ ನರದಲ್ಲಿ ಸಿಗ್ನಲ್ ತಡವರಿಸುತ್ತದೆ. ತಂಪಾದರೆ ಮತ್ತೆ ಸಾಗುತ್ತದೆ. ದಣಿದಾಗ ದೃಷ್ಟಿ ಮಂಕಾಗುವುದನ್ನು ಜರ್ಮನಿಯ ವೈದ್ಯ ಊಟ್‌ಹೋಫ್ 1890ರಲ್ಲೇ ಬರೆದಿಟ್ಟಿದ್ದ. ಅವನು ನಮ್ಮೂರ ಬಿಸಿಲು ಕಂಡಿರಲಿಲ್ಲ ಅಷ್ಟೇ!

ವಿಚಿತ್ರ ಅಂದರೆ, ಈಗ ಚಾರ್ಟಿನ ಅಕ್ಷರ ಎಲ್ಲ ಓದುತ್ತೇನೆ. ಆದರೆ ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ, ಎಡಗಣ್ಣಿಗೆ ಅವ್ವನ ಕೆಂಪು ಖಾರ ಕೆಂಪಗೇ ಇದೆ; ಬಲಗಣ್ಣಿಗೆ ಮಾಸಿದ ಇಟ್ಟಂಗಿ. ಗಾಂಧಿ ಚೌಕದಲ್ಲಿ ಅಡ್ಡ ಹಾಯುವ ಆಟೋ ಎಷ್ಟು ದೂರವಿದೆ ಅಂತ ಕೆಲವೊಮ್ಮೆ ತಿಳಿಯುವುದಿಲ್ಲ. ಒಂದು ಕಣ್ಣಿನ ಸುದ್ದಿ ಮಿದುಳಿಗೆ ಚೂರು ತಡವಾಗಿ ಮುಟ್ಟುತ್ತದೆ. ನಮ್ಮ ಭಾಷೆಯಲ್ಲಿ, ಲ್ಯಾಗ್.

ಮೇ ತಿಂಗಳಲ್ಲಿ ಬಬಲೇಶ್ವರದಲ್ಲಿ ಕಾಕಾನ ಮಗಳ ಮದುವೆ. ಬೈಕ್ ಬಿಟ್ಟು ಮುಂಜಾನೆ ಬಸ್ಸಿಗೇ ಹೋಗ್ತೀನಿ. ಅವ್ವ ಈಗಲೇ ಒದ್ದೆ ಟವೆಲ್ಲಿನ ಚೀಲ ಹೊಲಿಸ್ಯಾಳ.