ವಂಶಾವಳಿ: ಉದ್ದವೋ, ಅಗಲವೋ?

ಮನೆತನದ ವಂಶಾವಳಿಯನ್ನು ಬರೆಯಿಸಲು ಹೊರಟವರು ಎಷ್ಟು ಹಿಂದಕ್ಕೆ ಹೋಗಬೇಕೆಂದು ಕೇಳುವುದುಂಟು. ಆ ಪ್ರಶ್ನೆಯ ಒಡಲಲ್ಲಿ ಬಹುಮಟ್ಟಿಗೆ ಒಂದು ಆಸೆ ಅಡಗಿರುತ್ತದೆ: ಹನ್ನೆರಡನೆಯ ಶತಮಾನದ ಯಾರಾದರೊಬ್ಬ ಶರಣರಿಗೆ ನಮ್ಮ ಮನೆತನದ ಬೇರನ್ನು ಮುಟ್ಟಿಸಬೇಕೆಂಬುದು. ಆಸೆ ಸಹಜವೇ. ಆದರೆ ಲೆಕ್ಕ ಹಾಕಿ ನೋಡಿರಿ. ತಂದೆತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು. ಹೀಗೆ ಇಮ್ಮಡಿಸುತ್ತ ಹತ್ತನೆಯ ತಲೆಮಾರಿಗೆ 1,024 ಸ್ಥಾನಗಳಾಗುತ್ತವೆ. ಅವರಲ್ಲಿ ಒಬ್ಬ ಪುರುಷನನ್ನೇ ಹಿಡಿದು ಎಂಟು ನೂರು ವರ್ಷ ಏರಿದರೆ ಉಳಿದವರೆಲ್ಲ ಯಾರ ಪೂರ್ವಜರು? ಏರುವುದಕ್ಕಾದರೂ ನಡುವಣ ಮೆಟ್ಟಿಲುಗಳಿಗೆ ಆಧಾರವೆಲ್ಲಿ?

ಉದ್ದಕ್ಕಿಂತ ಅಗಲವೇ ಮೇಲೆಂಬುದು ನನ್ನ ಮತ. ಐದು ತಲೆಮಾರು ಸಾಕು; ಆ ಐದರಲ್ಲಿ ಹೆಣ್ಣುಮಕ್ಕಳು, ಅವರು ಸೇರಿದ ಮನೆಗಳು, ಸೊಸೆಯಂದಿರ ತವರು ಎಲ್ಲವೂ ಬರಲಿ.

ಉತ್ತರ ಕರ್ನಾಟಕದ ಒಕ್ಕಲು ಮನೆಗಳಿಗೆ ಹೆಳವರು ಎತ್ತಿನ ಮೇಲೆ ಬಂದು ವಂಶಾವಳಿ ಹೇಳುವುದನ್ನು ಹಿರಿಯರು ಬಲ್ಲರು. ಮೂಲ ಊರು ಯಾವುದು, ಅಲ್ಲಿಂದ ಎಲ್ಲಿಗೆ ವಲಸೆ ಬಂದರು ಎಂಬ ವಿಷಯಕ್ಕೆ ಅವರ ಹೊತ್ತಗೆಗಳು ಬೆಲೆಯುಳ್ಳವು. ಆದರೆ ಅವು ಹೆಚ್ಚಾಗಿ ಗಂಡುಸಂತತಿಯ ಲೆಕ್ಕ. ಕಾಣಿಕೆ ಕೊಡುವ ಮನೆಯ ಹೊಗಳಿಕೆಯೂ ಅದರಲ್ಲಿ ಬೆರೆತಿರುತ್ತದೆ. ಹಸ್ತಪ್ರತಿಗಳನ್ನು ಹೋಲಿಸಿ ಓದುವವರಿಗೆ ತಿಳಿದ ಮಾತೊಂದುಂಟು: ಒಂದೇ ಮೂಲದಿಂದ ನಕಲಾದ ಹತ್ತು ಪ್ರತಿಗಳು ಒಂದೇ ಸಾಕ್ಷಿಗೆ ಸಮ. ಹೆಳವರು ಹೇಳಿದ್ದನ್ನೇ ಹತ್ತು ಜನ ದಾಯಾದಿಗಳು ಹೇಳಿದರೂ ಹಾಗೆಯೇ.

ಆದ್ದರಿಂದ ಕಾಗದ ನೋಡಬೇಕು. ಧಾರವಾಡ, ಬೆಳಗಾವಿ, ವಿಜಯಪುರದ ಭಾಗಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1903ರ ಕಾಯ್ದೆಯ ತರುವಾಯ ಅಲ್ಲಿ ಜಮೀನಿನ ಹಕ್ಕುದಾಖಲೆಗಳು ಬಂದವು. ಅವುಗಳಲ್ಲಿನ ವಾರಸಾ ನೋಂದಣಿಯಿಂದ ಯಾರು ತೀರಿಕೊಂಡರು, ಯಾರ ಹೆಸರಿಗೆ ಹೊಲ ಬಂದಿತೆಂಬುದು ತಿಳಿಯುತ್ತದೆ. ಶಾಲೆಯ ದಾಖಲಾತಿ ಪುಸ್ತಕವೂ ಉಪಯುಕ್ತ. ಜೂನ್ 1 ಎಂಬ ಜನ್ಮದಿನ ಕಂಡಲ್ಲಿ ಮಾತ್ರ ಎಚ್ಚರ, ಅದು ಮಾಸ್ತರರು ಕೊಟ್ಟ ದಿನವಾಗಿರಬಹುದು.

ಇನ್ನು ಹೆಸರಿನ ತೊಡಕು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಬಸಪ್ಪ ಮಗ ಶಿವಪ್ಪ, ಶಿವಪ್ಪನ ಮಗ ಬಸಪ್ಪ ಎಂದು ಸಾಗಿ, ಇಬ್ಬರು ಬಸಪ್ಪರು ಒಬ್ಬರಾಗಿಬಿಡುತ್ತಾರೆ. ಎರಡು ತಲೆಮಾರು ಮಾಯವಾಗುತ್ತವೆ. ಸರ್ವೆ ನಂಬರು, ಹೆಂಡತಿಯ ಹೆಸರು ಕೂಡಿಬಂದರಷ್ಟೇ ಒಬ್ಬನೆಂದು ಬಗೆಯಬೇಕು. ಪಾಟೀಲ, ದೇಸಾಯಿ ಮುಂತಾದವು ಅಧಿಕಾರದಿಂದ ಬಂದ ಅಡ್ಡಹೆಸರುಗಳು. ಅವು ಒಂದೇ ಆದ ಮಾತ್ರಕ್ಕೆ ರಕ್ತಸಂಬಂಧವಿಲ್ಲ. ದತ್ತಕ ಬಂದವನಿಗಂತೂ ಎರಡು ಮನೆತನಗಳು. ಎರಡನ್ನೂ ಕಾಣಿಸುವುದೇ ನ್ಯಾಯ.

ಇದು ಹವ್ಯಾಸದ ಮಾತಷ್ಟೇ ಅಲ್ಲ. ಕಂದಾಯ ಕಚೇರಿಗೆ ಕೊಡುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟು ಹೊಲ ಹಂಚಿಕೊಂಡ ಮನೆಗಳಲ್ಲಿ ಅಕ್ಕತಂಗಿಯರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾರೆ. 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು; ಆ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿತು. ಹಳೆಯ ಉತಾರದಲ್ಲಿ ಮಗಳ ಹೆಸರಿಲ್ಲವೆಂದರೆ ಮಗಳೇ ಇರಲಿಲ್ಲವೆಂದು ಅರ್ಥವಲ್ಲ.

ಅವಳನ್ನು ಹುಡುಕಲು ಮನೆಯ ಹಿರಿಯ ಅಮ್ಮನನ್ನೇ ಕೇಳಬೇಕು, ಅದೂ ಈ ವರ್ಷವೇ. ಅನೇಕ ಮನೆಗಳಲ್ಲಿ ಮದುವೆಯಾದೊಡನೆ ಹೆಣ್ಣಿನ ಹೆಸರು ಬದಲಾಗುತ್ತಿತ್ತು. ತವರಿನ ಕಾಗದದ ಗಂಗವ್ವ, ಗಂಡನ ಮನೆಯ ಕಾಗದದ ಪಾರ್ವತೆವ್ವ ಒಬ್ಬಳೇ ಎಂಬುದು ಆ ಅಮ್ಮನಿಗಲ್ಲದೆ ಬೇರಾರಿಗೂ ತಿಳಿದಿರಲಿಕ್ಕಿಲ್ಲ. ಎರಡೂ ಹೆಸರುಗಳನ್ನು ಬರೆದು, ಹೇಳಿದವರ ಹೆಸರನ್ನೂ ಹೇಳಿದ ದಿನಾಂಕವನ್ನೂ ಪಕ್ಕದಲ್ಲಿ ಕಾಣಿಸಿರಿ.